ಕೂದಲೆಳೆಯ ಪುಟಾಣಿ ಲೇತು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕೂದಲೆಳೆ ಎಂದೇ ಕರೆಯುತ್ತಿದ್ದರು. ಸೊಳ್ಳೆಯ ಮೀಸೆಯನ್ನು, ಲೋಹ ತಿರುಗಿಸಿ ಕೊರೆಯುವ ಲೇತಿಗೆ ಕಚ್ಚಿಸಿ ಕೊಟ್ಟರೂ ಅದಕ್ಕೆ ತಿರುಪು ಕೊರೆದುಕೊಡುತ್ತಾನೆ ಎಂಬ ಖ್ಯಾತಿ. ನಿವೃತ್ತನಾಗುವ ಹೊತ್ತಿಗೆ ಖ್ಯಾತಿ ಉಳಿದಿತ್ತು, ಕಣ್ಣು ಹೋಗಿತ್ತು, ಸೊಂಟ ಅದರ ಹಿಂದೆಯೇ ಹೊರಟಿತ್ತು.

ಈಗ ಬಚ್ಚಲ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದಷ್ಟೇ ದೊಡ್ಡದಾದ ಲೇತೊಂದು ಅವನ ಪಾಲಿಗಿತ್ತು. ಶುರು ಮಾಡಿದರೆ ಸಾಕು, ಅಡುಗೆಮನೆಯ ಲೋಟಗಳು ನಡೆದುಕೊಂಡೇ ಪಕ್ಕದ ಮನೆ ಸೇರುತ್ತಿದ್ದವು. ಅದನ್ನು ಬಿಚ್ಚಿ, ತಳಕ್ಕೆ ಕಾಂಕ್ರೀಟು ಸುರಿದು, ಅಂಕಿ ಸವೆದ ಅಳತೆಯ ಡಯಲನ್ನು ಕಿತ್ತು, ತನ್ನ ಮಂದಗಣ್ಣಿಗೂ ಕಾಣುವಂಥ ತಟ್ಟೆಯಗಲದ ಹೊಸದನ್ನು ಗೀಚಿ ಕೂರಿಸಿದ. ಅಷ್ಟಕ್ಕೇ ಜೀವ ಹೈರಾಣಾಯಿತು.

ಅವಸರವೆಲ್ಲ ಅಕ್ಕನದು. ಅವಳ ಗಾಲಿಕುರ್ಚಿಯ ಚಕ್ರದ ನಡುವಿನ ಪಿನ್ನು ಮುರಿದಿತ್ತು. ಅಂಥದ್ದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬೀದಿ ಕಾಣದೆ ಮಂಚ ಹಿಡಿದವಳು ಊಟವನ್ನೂ ಅರ್ಧಕ್ಕೇ ಬಿಡತೊಡಗಿದ್ದಳು.

“ಏನೋ, ಪಿನ್ನು ಮಾಡ್ತಿದ್ದೀಯೋ, ರೈಲು ಮಾಡ್ತಿದ್ದೀಯೋ?”

“ಸ್ವಲ್ಪ ತಾಳಕ್ಕ, ಆಗ್ತಾ ಬಂತು.”

“ತಾಳಿ ತಾಳಿ ನಾನೇ ತುಕ್ಕು ಹಿಡಿದೆ ಕಣೋ.”

ಮನೆಯಲ್ಲಿದ್ದ ಒಂದೇ ಒಳ್ಳೆಯ ಉಕ್ಕಿನ ತುಂಡನ್ನು ಕಚ್ಚಿಸಿದ. ಕೊನೆಗೆ ಅರ್ಧ ಮಿಲಿಮೀಟರು ದಪ್ಪ ಇಳಿಯಬೇಕಿತ್ತು. ಡಯಲನ್ನು ಅರ್ಧ ಮಿಲಿಮೀಟರಿಗೆ ತಿರುಗಿಸಿ ಕೊರೆಯುವ ಟೂಲು ಹಾಯಿಸಿದ. ಅಳೆದರೆ ಪೂರಾ ಒಂದು ಇಳಿದಿತ್ತು. ಕಾರ್ಖಾನೆಯ ಡಯಲು ಇಳಿಯುವ ದಪ್ಪವನ್ನೇ ತೋರಿಸುತ್ತಿತ್ತು. ಇಲ್ಲಿ ತಾನೇ ಗೀಚಿದ್ದು ಟೂಲು ಸರಿಯುವ ದೂರವನ್ನು. ತಿರುಗುವ ತುಂಡು ಎರಡೂ ಮಗ್ಗುಲಿಗೆ ಸವೆಯುತ್ತದೆ, ಲೆಕ್ಕ ದುಪ್ಪಟ್ಟು. ಗೊತ್ತಿಲ್ಲದ್ದೇನಲ್ಲ, ಕೈ ಮಾತ್ರ ಹಳೆಯ ಜಾಡಿನಲ್ಲೇ ಹೋಗಿಬಿಟ್ಟಿತ್ತು.

ಸದ್ದು ನಿಂತದ್ದು ಕೇಳಿ ಹೆಂಡತಿ ಬಾಗಿಲಿಗೆ ಬಂದಳು. “ಏನಾಯ್ತ್ರೀ?”

“ಸಣ್ಣ ಆಗೋಯ್ತು ಕಣೇ. ಚಕ್ರದೊಳಗೆ ಗಡಗಡ ಅನ್ನುತ್ತೆ.”

“ಉಂಗುರ ಸಡಿಲ ಆದ್ರೆ ನಾನು ದಾರ ಸುತ್ಕೊಳ್ತೀನಪ್ಪ. ಇದಕ್ಕೂ ಏನಾದ್ರೂ ಸುತ್ತಿ.”

“ನಾನು ತೇಪೆ ಹಾಕೋದೇ? ಊರು ನಗುತ್ತೆ.”

“ನಗಲಿ ಬಿಡಿ. ಊರೇನು ಬಂದು ನಿಮ್ಮಕ್ಕನ್ನ ಹೊತ್ಕೊಂಡು ತಿರುಗುತ್ತಾ?”

ಸ್ಟೂಲಿನಿಂದ ಏಳಲು ಅವನಿಗೆ ಒಂದು ಯುಗ ಹಿಡಿಯಿತು. ಪಿನ್ನಿನ ಸುತ್ತ ಒಂದು ಕೊಳವೆ ಹಿಡಿಸಲೆಂದು ಚಕ್ರದ ತೂತನ್ನು ಕೊಂಚ ಅಗಲಿಸಿದ. ಹಿತ್ತಾಳೆಯ ಹಳೇ ನಲ್ಲಿಯೊಂದನ್ನು ಕತ್ತರಿಸಿ ಬುಷ್ಷು, ಎಂದರೆ ಪಿನ್ನಿಗೊಂದು ಅಂಗಿ, ಮಾಡಲು ಕುಳಿತ. ಈ ಸಲ ಡಯಲನ್ನು ನಂಬಲಿಲ್ಲ. ಚೂರೇ ಚೂರು ಕೊರೆಯುವುದು, ನಿಲ್ಲಿಸುವುದು, ಅಳೆಯುವುದು, ಬೆನ್ನು ಹಿಡಿದುಕೊಳ್ಳುವುದು. ಹೀಗೇ ಸಂಜೆಯಾಯಿತು.

ಚಕ್ರ ಸದ್ದಿಲ್ಲದೆ ತಿರುಗಿತು. ಕುರ್ಚಿಯಲ್ಲಿ ಕೂತ ಅಕ್ಕ, ಇಣುಕುತ್ತಿದ್ದ ಹಿತ್ತಾಳೆಯ ಹೊಳಪು ನೋಡಿ, “ಒಡವೆ ಬೇರೆ ಹಾಕಿದ್ದೀಯಲ್ಲೋ!” ಎಂದಳು. ಅದು ಒಡವೆಯಲ್ಲ, ತಪ್ಪು ಮುಚ್ಚಿದ್ದು ಎಂದು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕುರ್ಚಿಯನ್ನು ಬೀದಿಗೆ ತಳ್ಳಿಯಾಗಿತ್ತು.

ಖಾಲಿಯಾದ ಮಂಚದ ಮೇಲೆ ಎಣ್ಣೆಗೈಯಲ್ಲೇ ಉರುಳಿಕೊಂಡ. ಹೊದಿಕೆ ಹಾಳಾದದ್ದಕ್ಕೆ ಎದ್ದಮೇಲೆ ಬೈಸಿಕೊಂಡರಾಯಿತು.