ಮೂಗಿಗೆ ಹಿಡಿದು ನೋಡುತ್ತಿದ್ದ ಗಿರಿಜಕ್ಕ

ಗಿರಿಜಕ್ಕ ಯಾವ ಬೋರ್ಡನ್ನೂ ಮೊದಲು ಕಣ್ಣಿಗೆ ಹಿಡಿಯುತ್ತಿರಲಿಲ್ಲ, ಮೂಗಿಗೆ ಹಿಡಿಯುತ್ತಿದ್ದಳು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೆಂಪು ಹರಳಿನ ಮೂಗುಬೊಟ್ಟು, ಅದರ ಕೆಳಗೆ ಕಂಪ್ಯೂಟರಿನ ಹಸಿರು ಬೋರ್ಡು. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರೆ ಅದು ಎಲ್ಲಿಂದ ಬಂದದ್ದೆಂದು ಹೇಳಿಬಿಡುತ್ತಿದ್ದಳು. ತೌಡಿನ ವಾಸನೆ ಬಂದರೆ ಕಂಪ್ಲಿಯ ರೈಸ್ ಮಿಲ್ಲಿನದು. ಊದಿನಕಡ್ಡಿಯದು ಬಂದರೆ ಯಾವುದೋ ಅಂಗಡಿಯ ದೇವರ ಫೋಟೋ ಕೆಳಗೆ ಕೂತಿದ್ದದ್ದು. ಒಣಮಣ್ಣು, ಡೀಸೆಲ್ಲು ಎರಡೂ ಸೇರಿದ್ದರೆ ಕೇಳುವುದೇ ಬೇಡ, ಸಂಡೂರಿನ ಕಡೆಯ ಗಣಿ ಆಫೀಸು.

ಹೊಸಪೇಟೆಯಲ್ಲಿ ಅವಳ ಗಂಡನದು ರೇಡಿಯೊ ರಿಪೇರಿ ಅಂಗಡಿ. ಆತ ತೀರಿಕೊಂಡ ತಿಂಗಳೊಳಗೆ ಮೈದುನರು ಬೀಗದ ಕೈ ಕೇಳಲು ಬಂದರಂತೆ. ಹೆಂಗಸು ಸೋಲ್ಡರಿಂಗ್ ಹಿಡಿದು ಕೂತರೆ ಊರು ನಗುತ್ತದೆ ಅಂದರಂತೆ. ನಗಲಿ ಬಿಡ್ರಿ, ನಕ್ಕವರ ರೇಡಿಯೊನೂ ಕೆಡತಾವ, ಇಲ್ಲಿಗೇ ತರತಾರ ಅಂದಳಂತೆ ಇವಳು. ಬೀಗದ ಕೈ ಆಮೇಲೆ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ. ರೇಡಿಯೊ ಹೋಗಿ ಟೀವಿ ಬಂತು, ಟೀವಿ ಹಿಂದೆ ಕಂಪ್ಯೂಟರ್ ಬಂತು. ಒಂದೊಂದನ್ನೂ ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿ ಕಲಿತಳು.

ತೊಳೆಯದೆ ಅವಳು ಏನನ್ನೂ ರಿಪೇರಿ ಮಾಡುತ್ತಿರಲಿಲ್ಲ. ಹೌದು, ನೀರಿನಲ್ಲಿಯೇ. ಅಂಟುವಾಳದ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಕೊನೆಗೆ ಸ್ಪಿರಿಟ್ಟಿನಿಂದ ಒಂದು ಒರೆಸು. ಮೊದಲ ಸಲ ನೋಡಿದವರ ಎದೆ ಧಸಕ್ಕೆನ್ನುತ್ತಿತ್ತು. ಒಣಗಿಸಲು ಹೊಸಪೇಟೆಯ ಬಿಸಿಲು ಅವಳಿಗೆ ಆಗುತ್ತಿರಲಿಲ್ಲ. ಆಗ ನಮ್ಮ ರಸ್ತೆಗಳಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು, ಅವುಗಳ ಧೂಳಿಗೆ ಹೊರಗೆ ಒಣಹಾಕಿದ ಬಿಳಿ ಸೀರೆ ಸಂಜೆಗೆ ಕಾವಿಯಾಗುತ್ತಿತ್ತು. ಅದಕ್ಕೇ ಭಾನುವಾರ ಬಂತೆಂದರೆ ತೊಳೆದ ಬೋರ್ಡುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಬಸ್ಸು ಹತ್ತಿ ಕಂಪ್ಲಿಯ ತವರುಮನೆಗೆ ಹೋಗುತ್ತಿದ್ದಳು. ಅಲ್ಲಿ ಮಾಳಿಗೆಯ ಮೇಲೆ ತೆಳು ಬಟ್ಟೆ ಮುಚ್ಚಿ, ಜನ ಹಪ್ಪಳ ಒಣಗಿಸಿದ ಹಾಗೆ ಒಣಗಿಸಿಕೊಂಡು ಬರುತ್ತಿದ್ದಳು.

ಒಮ್ಮೆ ಒಂದು ಗಣಿ ಆಫೀಸಿನ ಮ್ಯಾನೇಜರು ವ್ಯಾನಿನ ತುಂಬ ಕಂಪ್ಯೂಟರ್ ತಂದಿಳಿಸಿದ. ಎಲ್ಲಾ ಕೆಟ್ಟಿವೆ, ಕೆಲಸಕ್ಕೆ ಬರುವುದಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು, ಅವರು ಹೊಸವನ್ನು ತರಿಸುತ್ತಾರೆ, ಮುಂದಿನ ಕೆಲಸವೆಲ್ಲ ಇವಳಿಗೇ ಕೊಡುತ್ತಾರೆ ಅಂದ. ಗಿರಿಜಕ್ಕ ಒಂದೊಂದನ್ನೂ ಮೂಸಿದಳು. ಕಾಗದವನ್ನು ಹಾಗೇ ಮಡಚಿ ವಾಪಸು ಕೊಟ್ಟಳು.

"ಇದರಾಗ ಅರ್ಧಕ್ಕರ್ಧ ಬದುಕ್ಯಾವ್ರಿ. ತೊಳದು ನೋಡದ ಸತ್ತೈತಿ ಅಂತ ನಾ ಬರಿಯಂಗಿಲ್ಲ."

ಆ ಆಫೀಸಿನ ಕೆಲಸ ಅವತ್ತಿಗೇ ಮುಗಿಯಿತು. ಅವಳು ಅದನ್ನು ಹೇಳಿಕೊಂಡು ಜಂಬ ಪಟ್ಟವಳಲ್ಲ. ನನಗೆ ಹೇಳಿದ್ದು ಪಕ್ಕದ ಚಹಾ ಅಂಗಡಿಯವ.

ನಾನು ಅವಳ ಹತ್ತಿರ ಹೋದದ್ದು ಅಪ್ಪನ ಸಲುವಾಗಿ. ಅಪ್ಪ ಇಪ್ಪತ್ತೈದು ವರ್ಷ ಲಾರಿ ಓಡಿಸಿದವ, ಕೊನೆಗೆ ಸಂಡೂರಿನಿಂದ ಅದಿರು ಹೊಡೆಯುತ್ತಿದ್ದ. ಲಕ್ವ ಹೊಡೆದು ಎಡಗಾಲು ಸೋತಿತು, ಕ್ಲಚ್ಚು ಒತ್ತುವ ಕಾಲು. ಡಾಕ್ಟರು ಎರಡು ಮಾತು ಹೇಳಿದರು: ಇನ್ನು ಡ್ರೈವಿಂಗ್ ಇಲ್ಲ, ಬೀಡಿ ಮುಟ್ಟುವಂತಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮನೆಯಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಕಂಪ್ಯೂಟರಿತ್ತು. ಅದಕ್ಕೆ ಪರದೆಯ ಮೇಲೆ ಚಿತ್ರ ಮೂಡಿಸುವ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಹುಡುಕಿ ಹಾಕಿಸಿ, ಒಂದು ಸ್ಟೇರಿಂಗ್ ಜೋಡಿಸಿ, ಲಾರಿ ಓಡಿಸುವ ಆಟ ಹಾಕಿಕೊಟ್ಟೆ. ಮೊದಲ ದಿನ ಅಪ್ಪ ಬೈದ. ಇದೆಂಥಾ ರೋಡು, ಒಂದು ತಗ್ಗಿಲ್ಲ, ಒಬ್ಬ ಪೊಲೀಸನಿಲ್ಲ ಅಂದ. ಎರಡನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತ. ಡ್ಯೂಟಿಗೆ ಹೋಗುವವರಂತೆ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಳ್ಳುತ್ತಿದ್ದ. ನನಗೆ ನನ್ನ ಅಪ್ಪ ಮರಳಿ ಸಿಕ್ಕಿದ್ದ.

ವರ್ಷ ತುಂಬುವುದರೊಳಗೆ ಪರದೆಯ ತುಂಬ ಬಣ್ಣಬಣ್ಣದ ಪಟ್ಟಿ ಬಂದು ಲಾರಿ ನಿಂತುಹೋಯಿತು. ಅಪ್ಪ ಮತ್ತೆ ಗೋಡೆಗೆ ತಿರುಗಿದ. ಊಟಕ್ಕೆ ಎಬ್ಬಿಸಿದರೆ ಹಸಿವಿಲ್ಲ ಅನ್ನುತ್ತಿದ್ದ.

ಹೊಸ ಶೋರೂಮಿನ ಸೇಲ್ಸ್‌ಮನ್ನು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಸತ್ತಿದೆ ಮೇಡಂ ಅಂದ. ಈ ನಮೂನೆಯ ಕಾರ್ಡು ಈಗ ಬರುವುದಿಲ್ಲ, ಕಂಪ್ಯೂಟರನ್ನೇ ಪೂರ್ತಿ ಬದಲಿಸಬೇಕು ಅಂದ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಬದುಕಿಕೊಳ್ಳುತ್ತಿದ್ದ. ಅಪ್ಪನಿಗೆ ಅಂದಿರಲ್ಲ, ಆ ವಯಸ್ಸಿನವರಿಗೆ ಗೇಮ್ ಯಾಕೆ, ಭಜನೆ ಕ್ಯಾಸೆಟ್ ಹಾಕಿಕೊಡಿ ಅಂತಲೂ ಅಂದ. ಅವನಿಗೆ ನಾನು ಏನಂದೆನೆಂದು ಇಲ್ಲಿ ಬರೆಯುವಂತಿಲ್ಲ, ನನ್ನ ವಿದ್ಯಾರ್ಥಿಗಳೂ ಓದಿಯಾರು.

ಮನೆಗೆ ಬಂದು ನಾನೇ ಕೈಹಚ್ಚಿದೆ. ಕಾರ್ಡಿನ ಮೈತುಂಬ ಕೆಂಪು ಧೂಳು. ಅದು ಕಬ್ಬಿಣದ ಅದಿರು, ಅಯಸ್ಕಾಂತ ಹಿಡಿದರೆ ಎಲ್ಲಾ ಎದ್ದು ಬರುತ್ತದೆ ಎಂದು ಲೆಕ್ಕ ಹಾಕಿದೆ. ಒಡೆದ ಸ್ಪೀಕರಿನ ಅಯಸ್ಕಾಂತ ಕಿತ್ತು ಕಾರ್ಡಿನ ಮೇಲೆಲ್ಲ ತಿಕ್ಕಿದ್ದೇ ತಿಕ್ಕಿದ್ದು. ಧೂಳು ಒಂದು ಕಾಳೂ ಕದಲಲಿಲ್ಲ. ಆಮೇಲೆ ಗಿರಿಜಕ್ಕನ ಅಂಗಡಿಗೆ ಹೋಗಿ, ಅಪ್ಪನ ವಿಷಯ ಹೇಳಿ ಕಾರ್ಡು ಕೊಟ್ಟೆ.

ಅವಳು ಮೂಸಿದಳು. ಹುಬ್ಬು ಮೇಲೇರಿತು. ನಿಮ್ಮಪ್ಪ ಬೀಡಿ ಸೇದತಾರೇನು ಅಂದಳು. ಬಿಟ್ಟು ವರ್ಷದ ಮೇಲಾಯಿತು ಅಂದೆ. ಅಕ್ಕ ಕಾರ್ಡನ್ನು ನನ್ನ ಮೂಗಿನ ಹತ್ತಿರ ತಂದಳು. ಅಯ್ಯೋ ಶಿವನೇ, ಅಪ್ಪನ ಹಳೆಯ ಲಾರಿಯ ಕ್ಯಾಬಿನ್ನೇ ಅದರೊಳಗಿತ್ತು. ಯಾರ ಕೈಯಲ್ಲಿ ತರಿಸುತ್ತಿದ್ದನೋ, ನಾನು ಶಾಲೆಗೆ ಹೋದ ಮೇಲೆ ಆಟದ ಲಾರಿಯಲ್ಲಿ ಕೂತು ನಿಜದ ಬೀಡಿ ಹಚ್ಚುತ್ತಿದ್ದ ಆಸಾಮಿ! ಬೀಡಿಯ ಜಿಗುಟಿಗೆ ಅದಿರಿನ ಧೂಳು ಮೆತ್ತಿಕೊಂಡು ಫ್ಯಾನು ಹಿಡಿದುಕೊಂಡಿತ್ತು, ಕಾರ್ಡು ಕಾದು ಹೋಗಿತ್ತು.

ಆಮೇಲೆ ಭೂತಗನ್ನಡಿ ಹಿಡಿದು ನೋಡಿ, ಇಲ್ಲಿದ್ದ ಎಳ್ಳಿನಷ್ಟು ಕೆಪಾಸಿಟರ್ ಕಿತ್ತವರ್ಯಾರು ಅಂದಳು. ಗಣಿತದ ಟೀಚರು ತಲೆ ತಗ್ಗಿಸಿ ಅಯಸ್ಕಾಂತದ ಕಥೆ ಒಪ್ಪಿಸಿದಳು. ಅಕ್ಕ ನಗಲಿಲ್ಲ. ನಮ್ಮ ಅದಿರು ಅಯಸ್ಕಾಂತಕ್ಕೆ ಬಗ್ಗುವಂಥದ್ದಲ್ಲ, ಆದರೆ ಆ ಎಳ್ಳಿನ ತುದಿಯ ಲೋಹ ಅದಕ್ಕೆ ಅಂಟಿಕೊಳ್ಳುತ್ತದೆ, ಮೊದಲು ಹೋಗಿ ಅಯಸ್ಕಾಂತ ತಾ ಅಂದಳು. ಹೋಗಿ ತಂದುಕೊಟ್ಟೆ. ಅದರ ಅಂಚಿಗೆ ಆ ಎಳ್ಳು ಅಂಟಿಕೊಂಡೇ ಕೂತಿತ್ತು.

"ಇನ್ನ ಇದನ್ನ ತೊಳೀಬೇಕು," ಅಂದಳು. "ನಾನೂ ಅಲ್ಲ, ನೀನೂ ಅಲ್ಲ. ಹೊಲಸು ಮಾಡಿದವರನ್ನ ಕಳಸು."

ಅಪ್ಪ ಮನೆಯ ಹೊಸ್ತಿಲು ದಾಟಿ ಆಗಲೇ ಒಂದೂವರೆ ವರ್ಷವಾಗಿತ್ತು. ಕುಂಟುತ್ತಾ ಬಜಾರಿನಲ್ಲಿ ಹೋಗುವುದನ್ನು ಜನ ನೋಡಬಾರದೆಂಬ ಹಟ. ನಾನು ಬೀಡಿಯ ಮಾತು ಎತ್ತಿ ಜಗಳ ತೆಗೆದೆ. ಲಾರಿ ಬೇಕಾದರೆ ಬಾ, ಬೇಡವಾದರೆ ಗೋಡೆ ನೋಡು ಅಂದೆ. ಅಪ್ಪ ಎದ್ದ. ಕೋಲು ಹಿಡಿದು ಬಂದ. ಬರ್ರಿ ಅಣ್ಣಾ, ಕುಂದ್ರಿ ಅಂತ ಗಿರಿಜಕ್ಕ ಸ್ಟೂಲು ಕೊಟ್ಟು, ಅಂಟುವಾಳದ ನೀರಿನ ಬೋಗುಣಿ ಮುಂದಿಟ್ಟು, ಬ್ರಷ್ಷು ಕೈಗಿತ್ತಳು. ಫ್ಯಾನು ಬಿಚ್ಚಿಟ್ಟ ಕಾರ್ಡನ್ನು ಅಪ್ಪ ತೊಡೆಯ ಮೇಲಿಟ್ಟುಕೊಂಡು ಎರಡು ತಾಸು ತಿಕ್ಕಿದ. ನೀರು ಕಾವಿಯಾಯಿತು, ಆಮೇಲೆ ಕರ್ರಗಾಯಿತು. ತಿಕ್ಕುತ್ತಲೇ, ಇನ್ನು ಬೀಡಿ ಮುಟ್ಟುವುದಿಲ್ಲ ಎಂದು ನಮ್ಮಿಬ್ಬರ ಮುಂದೆ ಆಣೆ ಮಾಡಿದ.

ಆ ಭಾನುವಾರ ತಗಡಿನ ಪೆಟ್ಟಿಗೆ ಹಿಡಿದು ಅಕ್ಕನ ಜೊತೆ ಕಂಪ್ಲಿಯ ಬಸ್ಸು ಹತ್ತಿದ್ದೂ ಅಪ್ಪನೇ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವನಿಗೆ ಗೇರು ಹೇಳಿಕೊಟ್ಟನಂತೆ. ಒಣಗಿದ ಮೇಲೆ ಅಕ್ಕ ಆ ಎಳ್ಳನ್ನು ಅದರ ಜಾಗದಲ್ಲಿ ಕೂಡಿಸಿದಳು, ಉಬ್ಬಿದ್ದ ಎರಡು ಕೆಪಾಸಿಟರ್ ಬದಲಿಸಿದಳು, ಕಾರ್ಡಿನ ಚಿಪ್ ಮೇಲೆ ಕಾವು ಎಳೆಯುವ ಹೊಸ ಬಿಳಿ ಪೇಸ್ಟ್ ಹಚ್ಚಿದಳು, ಫ್ಯಾನಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟಳು. ಪರದೆಯ ಮೇಲೆ ಲಾರಿ ಎದ್ದು ನಿಂತಿತು. ಅಪ್ಪ ಹಾರ್ನು ಹೊಡೆದ ರಭಸಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು. ಶೋರೂಮಿನ ಮುಂದೆ ಹೋಗಿ ಆ ಹಾರ್ನು ಹೊಡೆಯಬೇಕೆಂದು ನನಗೆ ಭಾಳ ಆಸೆಯಾಗಿತ್ತು.

ಗಣಿಗಳು ಮುಚ್ಚಿ ಊರಿನ ಅದಿರಿನ ಲಾರಿಗಳೆಲ್ಲ ನಿಂತ ವರ್ಷ ಅಪ್ಪ ತೀರಿಕೊಂಡ. ಕಂಪ್ಯೂಟರನ್ನು ಗುಜರಿಗೆ ಹಾಕು ಅಂದ, ಪರವೂರಿನಲ್ಲಿರುವ ನನ್ನ ತಮ್ಮ. ನಾನು ಕಾರ್ಡು ಬಿಚ್ಚಿಕೊಂಡು ಗಿರಿಜಕ್ಕನ ಹತ್ತಿರ ಹೋದೆ, ತೊಳೆದು ಬೇರೆ ಯಾರಿಗಾದರೂ ಹಾಕಿಕೊಡಕ್ಕಾ ಅಂದೆ. ಅವಳ ಹಣೆಯ ವಿಭೂತಿ ಹಾಗೇ ಇತ್ತು, ತಲೆ ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಮೂಗಿಗೆ ಹಿಡಿದಳು. ಎಂದಿಗಿಂತ ಹೆಚ್ಚು ಹೊತ್ತು ಹಿಡಿದಳು.

"ಬಿಟ್ಟಿದ್ದಿಲ್ಲ ನೋಡು ನಿಮ್ಮಪ್ಪಾರು. ದಿನಕ್ಕೊಂದಾರ ಸೇದ್ಯಾರ."

ನನಗೆ ಸಿಟ್ಟು ಬಂತು. ನಿನ್ನ ಮುಂದೆಯೇ ಆಣೆ ಮಾಡಿದ್ದನಲ್ಲ, ಎಂಥಾ ಕಳ್ಳ ಅಂದೆ. ಅನ್ನುತ್ತಲೇ ನಗು ಬಂತು, ನಗುತ್ತಲೇ ಅಳು ಬಂತು. ಅಪ್ಪ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಗಿರಿಜಕ್ಕ ಅಂಟುವಾಳದ ನೀರಿನ ಬೋಗುಣಿಗೆ ತಾಟು ಮುಚ್ಚಿದಳು. ಕಾರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಕೈಗಿಟ್ಟಳು.

"ಇದನ್ನ ನಾ ತೊಳಿಯಂಗಿಲ್ಲ. ಮನ್ಯಾಗ ಇಟ್ಕೋ."

ಅದೇ ಕೊನೆಯ ಭೇಟಿ. ಮುಂದಿನ ಬೇಸಿಗೆಯಲ್ಲಿ ಅಕ್ಕ ಕಂಪ್ಲಿಯಲ್ಲಿಯೇ ತೀರಿಹೋದಳಂತೆ, ನನಗೆ ತಿಳಿದದ್ದು ತಡವಾಗಿ. ಅವಳ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಪೇಪರಿನ ಪೊಟ್ಟಣ ನನ್ನ ಬೀರುವಿನಲ್ಲಿ ಸೀರೆಗಳ ನಡುವೆ ಇದೆ, ಒಳ್ಳೆಯ ರೇಷ್ಮೆ ಸೀರೆಗಳಿಗೂ ಬೀಡಿಯ ವಾಸನೆ ಹತ್ತಿದೆ. ಸತ್ತುಹೋದ ಕಾರ್ಡು ಇಟ್ಟುಕೊಂಡು ಏನು ಮಾಡುತ್ತೀ ಎಂದು ತಮ್ಮ ಬಂದಾಗಲೆಲ್ಲ ಕೇಳುತ್ತಾನೆ. ತೊಳೆದು ನೋಡದೆ ಸತ್ತಿದೆ ಅನ್ನಬೇಡ ಅನ್ನುತ್ತೇನೆ. ಹಾಗಾದರೆ ತೊಳಿ ಅನ್ನುತ್ತಾನೆ. ತೊಳೆಯುವುದಿಲ್ಲ, ಹೋಗು.