ಅರ್ಧಾ ತಿಕೀಟ

ಇವತ್ತು ಬೆಳಿಗ್ಗೆ ಚಹಾ ಆರುವ ಮೊದಲೇ ಮೊಬೈಲು ಟಿಣ್ ಎಂದಿತು. ಹಿರಿಯರಿಗೆ ರೈಲಿನಲ್ಲಿ ರಿಯಾಯಿತಿ ಮತ್ತೆ ಶುರುವಂತೆ. ಎಲ್ಲರಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂದು ಕೆಳಗೆ ಕೈಮುಗಿದ ಚಿತ್ರ ಬೇರೆ. ಇಂಥ ಸುದ್ದಿ ಆಗಾಗ ಬರುತ್ತದೆ, ನಮ್ಮ ಬನಹಟ್ಟಿಗೆ ರೈಲು ಬರುತ್ತದೆ ಎಂಬ ಸುದ್ದಿಯ ಹಾಗೆ. ಅದನ್ನು ಕೇಳುತ್ತಲೇ ನನ್ನ ತಲೆ ನರೆಯಿತು. ಮೊಬೈಲಿನಲ್ಲಿ ಟಿಕೆಟ್ ತೆಗೆಯಲು ಬರುತ್ತದೆಂಬ ಒಂದೇ ಕಾರಣಕ್ಕೆ ಓಣಿಯವರು ನನ್ನನ್ನು ರೈಲ್ವೆ ಮಂತ್ರಿ ಎಂದು ಕರೆಯುತ್ತಾರೆ. ಮೊದಲಾಗಿದ್ದರೆ ಈ ಮಂತ್ರಿ ಚಪ್ಪಲಿ ಮೆಟ್ಟದೆಯೇ ಚಿಗವ್ವನ ಮನೆಗೆ ಓಡುತ್ತಿದ್ದ.

ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಮಗ್ಗದ ಮನೆಯವಳು. ರಾಟಿಯ ಮುಂದೆ ಕೂತು ನೂಲು ಸುತ್ತಿ ಸುತ್ತಿ ಬೆನ್ನು ಬಾಗಿದೆ. ಬಸ್ಸು ಹತ್ತಿದರೆ ಪಕ್ಕದೂರು ಚಿಮ್ಮಡ ದಾಟುವುದರೊಳಗೆ ನರಳಲು ತೊಡಗುತ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಲೂ, "ಬಸ್ ಫುಕಟ್ ಆತು, ಖರೆ. ಬೆನ್ನು ಫುಕಟ್ ಕೊಡ್ತಾರೇನು?" ಎಂದಿದ್ದಳು. ಅವಳಿಗೆ ಹೋಗಬೇಕಾಗಿದ್ದದ್ದು ಪುಣೆಗೆ. ಅಲ್ಲಿ ಮಗನ ಮನೆಯಲ್ಲಿ ಅವಳ ಒಬ್ಬಳೇ ಅಕ್ಕ ಇದ್ದಳು. ಕುಡಚಿ ಸ್ಟೇಷನ್ನಿಗೆ ಹೋದರೆ ಅಲ್ಲಿಂದ ರೈಲಿನಲ್ಲಿ ಮಲಗಿಕೊಂಡೇ ಹೋಗಬಹುದು.

ಕೊರೊನಾಕ್ಕೆ ಮೊದಲು ರೈಲಿನಲ್ಲಿ ಹೆಂಗಸರಿಗೆ ಐವತ್ತೆಂಟು ತುಂಬಿದರೆ ಅರ್ಧ ದರ ಎಂದು ನಿಯಮವಿತ್ತು. ಚಿಗವ್ವ ಅದನ್ನೇ ಹಿಡಿದು ಕೂತಳು. "ಅಕ್ಕಾ, ಅರ್ಧಾ ತಿಕೀಟ ಆದ ಕೂಡ್ಲೇ ತಿಂಗಳಾ ಬರ್ತೇನಿ ನೋಡು" ಎಂದು ಫೋನಿನಲ್ಲಿ ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದಳು. ರೊಕ್ಕದ ಕೊರತೆಯಲ್ಲ, ಶುದ್ಧ ಹಟ.

ಆ ಹಟದ ಬೇರು ಎಲ್ಲಿತ್ತೆಂದರೆ, ಸಣ್ಣವಳಿದ್ದಾಗ ಅಪ್ಪನ ಜೊತೆ ಅಕ್ಕತಂಗಿಯರು ಕುಡಚಿಯಿಂದ ಪಂಢರಪುರಕ್ಕೆ ಹೋಗಿದ್ದರು. ಚಿಗವ್ವನಿಗೆ ಅರ್ಧಾ ತಿಕೀಟಿನ ವಯಸ್ಸು ದಾಟಿತ್ತು, ಮೇಲಾಗಿ ಎತ್ತರದ ಹುಡುಗಿ, ಆದರೂ ಅಪ್ಪ ಅರ್ಧವೇ ತೆಗೆಸಿದ್ದ. ಟಿ.ಸಿ. ಬಂದಾಗ ಅಕ್ಕ ಅವಳನ್ನು ಕೆಳಗೆ ಕೂರಿಸಿ, "ಮೊಣಕಾಲು ಮಡಚು ಬೇ, ಸಣ್ಣಾಕಿ ಆಗು" ಎಂದು ತನ್ನ ಸೆರಗು ಹೊದಿಸಿದಳಂತೆ. ಅವತ್ತಿನಿಂದ ಅಕ್ಕ ಅವಳನ್ನು ಕರೆಯುತ್ತಿದ್ದದ್ದೇ ಅರ್ಧಾ ತಿಕೀಟ ಎಂದು.

ವಯಸ್ಸು ಕಡಿಮೆ ಹೇಳುವ ಚಟ ಮುಂದೂ ಬಿಡಲಿಲ್ಲ. ಗುರುತಿನ ಚೀಟಿ ಮಾಡಲು ಬಂದವನು ಇವಳ ಕಪ್ಪು ಕೂದಲು ನೋಡಿ ಅಂದಾಜಿಗೆ ಒಂದು ವಯಸ್ಸು ಬರೆದ. ಇವಳು ಖುಷಿಯಿಂದ ಹೂಂ ಎಂದಳು. ನಗಬೇಡಿ, ನೀವಾದರೂ ಹೂಂ ಅನ್ನುತ್ತಿದ್ದಿರಿ. ಖರೆ ಐವತ್ತೆಂಟು ತುಂಬಿದ ಮೇಲೂ ಕಾಗದದ ಐವತ್ತೆಂಟಕ್ಕೆ ಕಾಯಬೇಕಾಯಿತು. ಅದು ತುಂಬುವ ಹೊತ್ತಿಗೆ ಕೊರೊನಾ ಬಂದು ರೈಲು ನಿಂತವು. ಆಮೇಲೆ ರೈಲು ತಿರುಗಿ ಬಂದವು, ರಿಯಾಯಿತಿ ಬರಲಿಲ್ಲ.

"ಪೂರಾ ತಗಿಸ್ತೇನಿ ನಡಿ ಚಿಗವ್ವಾ" ಎಂದೆ. "ತಡಿಯೋ. ಕಸಗೊಂಡವರು ಮತ್ತ ಕೊಡ್ತಾರ" ಎಂದಳು. ಹೀಗೆ ವರ್ಷಗಳು ಹೋದವು. ಪುಣೆಯ ಫೋನಿನಲ್ಲಿ ಅಕ್ಕ ಕೇಳಿದ್ದನ್ನೇ ಕೇಳತೊಡಗಿದಳು, ಆಮೇಲೆ ಫೋನಿಗೆ ಬರುವುದನ್ನೇ ಬಿಟ್ಟಳು. ಒಂದು ದಿನ ಚಿಗವ್ವ ತಾನಾಗಿ ಬಂದು, "ಪೂರಾನೇ ತಗಿ" ಎಂದಳು.

ನಾನೂ ಜೊತೆಗೆ ಹೋದೆ. ಕುಡಚಿಯಲ್ಲಿ ಟಿಕೆಟ್ ತೋರಿಸು ಎಂದಳು. ಪ್ರಯಾಣದ ಖರ್ಚಿನಲ್ಲಿ ನೂರಕ್ಕೆ ಐವತ್ತೇಳರಷ್ಟನ್ನೇ ರೈಲ್ವೆ ನಮ್ಮಿಂದ ವಸೂಲು ಮಾಡುತ್ತದೆ ಎಂದು ಅದರಲ್ಲಿ ಬರೆದದ್ದನ್ನು ಓದಿ ಹೇಳಿದೆ. "ಅಂದ್ರ ಎಲ್ಲಾರ್ದೂ ಅರ್ಧಾ ತಿಕೀಟ ಅಂತಾತು! ಮತ್ತ ಮುದುಕ್ಯಾರದಷ್ಟ ಯಾಕ ಕಸಗೊಂಡ್ರು?" ಎಂದಳು. ರೈಲ್ವೆ ಮಂತ್ರಿ ಅವಳ ಚೀಲ ಎತ್ತಿಕೊಂಡು ಡಬ್ಬಿ ಹುಡುಕತೊಡಗಿದ.

ಪುಣೆಯ ಮನೆಯಲ್ಲಿ ಅಕ್ಕ ಮಂಚದ ಮೇಲೆ ಕೂತಿದ್ದಳು. "ಯಾರ್ರಿ ನೀವು?" ಎಂದಳು.

"ನಾ ಬೇ ಅಕ್ಕಾ, ನಿನ್ನ ತಂಗಿ."

ಅಕ್ಕ ನಕ್ಕಳು. "ನನ್ನ ತಂಗಿ ಇನ್ನಾ ಸಣ್ಣಾಕಿ ಅದಾಳ್ರಿ. ಅರ್ಧಾ ತಿಕೀಟಿನಾಕಿ."

ಚಿಗವ್ವ ಕೈಚೀಲ ಬದಿಗಿಟ್ಟಳು. ಆಮೇಲೆ ಆ ಬೆನ್ನು ಹೊತ್ತುಕೊಂಡು ನೆಲಕ್ಕೆ ಇಳಿದು, ಮೊಣಕಾಲು ಮಡಚಿ, ಮಂಚಕ್ಕೆ ಒತ್ತಿ ಆದಷ್ಟು ಸಣ್ಣವಳಾಗಿ ಕೂತಳು. ನಾನು ಅಕ್ಕನ ಸೆರಗನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಅಕ್ಕ ನನ್ನ ಕಡೆ ತಿರುಗಿ, "ಈ ಅಮ್ಮಾರಿಗೆ ಚಾ ಕೊಡ್ರಿ, ದೂರಿಂದ ಬಂದಂಗ ಕಾಣ್ತಾರ" ಎಂದಳು. ನನ್ನ ಜೀವಮಾನದಲ್ಲಿ ಅಂಥ ಕೆಟ್ಟ ಚಹಾ ಕುಡಿದಿಲ್ಲ, ಅದರಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಆ ಮಳೆಗಾಲದಲ್ಲೇ ಅಕ್ಕ ತೀರಿಕೊಂಡಳು.

ಇವತ್ತು ಓಡಲಿಲ್ಲ, ಆದರೆ ಹೋದೆ. ಚಿಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಸುದ್ದಿ ಓದಿ ಹೇಳಿ, ಸುಳ್ಳೂ ಇರಬಹುದು ಎಂದೆ. ಅವಳು ಮೊರದಿಂದ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

"ಖರೇ ಇದ್ರೂ ಏನ್ ಮಾಡ್ಲೋ ತಮ್ಮಾ? ಅಕ್ಕಾ ಇರೂತನಕ ಅರ್ಧಾ ತಿಕೀಟ ಇದ್ದೆ. ಈಗ ಸರ್ಕಾರ ಏನ್ ಕೊಟ್ರೂ ನಂದು ಪೂರಾನೇ."