ಅವತ್ತು ಗಾಳಿ ಬೀಸಲಿಲ್ಲ

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳಿಗೆ ನಾನೊಂದು ಸುಳ್ಳು ಹೇಳಿದ್ದೇನೆ. ಎದುರಿಗೆ ಕೂತು ಒಪ್ಪಿಕೊಳ್ಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ರಜೆಯಲ್ಲಿ ಅವಳು ಹೊಸೂರಿನಿಂದ ಕ್ಯಾಮೆರಾ ತಂದಿದ್ದಳು. ಕೆಲಮಂಗಲದ ಹತ್ತಿರದ ನಮ್ಮ ಸೇವಂತಿಗೆ ತೋಟದಲ್ಲಿ, ಬೆಳಗಿನ ಚಳಿಗೆ ಸಣ್ಣ ಜೇನುನೊಣಗಳು ಒಮ್ಮೊಮ್ಮೆ ಹೂವಿನ ಮೇಲೇ ಮಲಗಿಬಿಟ್ಟಿರುತ್ತವೆ. ಅಂಥದೊಂದು ನೊಣ, ಮೀಸೆಯಿಂದ ರೆಕ್ಕೆಯ ತುದಿಯವರೆಗೂ ಸ್ಪಷ್ಟವಾಗಿ ಕಾಣುವ ಚಿತ್ರ ಅವಳಿಗೆ ಶಾಲೆಯ ಪ್ರದರ್ಶನಕ್ಕೆ ಬೇಕಿತ್ತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಹೊಸೂರಿಗೆ ಹೊರಡುವ ದಿನ ಬೆಳಗ್ಗೆ ಸಿಕ್ಕಿತು.

ಒದ್ದೆ ಮಣ್ಣಿನಲ್ಲಿ ಮೊಣಕಾಲೂರಿ ಒಂದಾದ ಮೇಲೊಂದು ತೆಗೆಯುತ್ತಲೇ ಇದ್ದಳು.

"ಒಂದು ನೊಣಕ್ಕೆ ಮದ್ವೆ ಆಲ್ಬಮ್ ಮಾಡ್ತಿದ್ದೀಯೇನೇ?" ಎಂದೆ.

"ಹತ್ರ ಹೋದಷ್ಟೂ ಒಂದು ತೆಳ್ಳನೆ ಪದರ ಮಾತ್ರ ಚೆನ್ನಾಗಿ ಬರುತ್ತೆ ಅಜ್ಜಿ. ಅದರ ಮುಂದೂ ಮಸುಕು, ಹಿಂದೂ ಮಸುಕು. ಅದ್ಕೇ ಒಂದೊಂದೇ ಪದರ ತೆಗ್ದು ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸ್ತೀನಿ. ಗೊತ್ತಾಯ್ತಾ?"

ಗೊತ್ತಾಯಿತೆಂದು ತಲೆಯಾಡಿಸಿದೆ. ಊರ ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗಲೂ ಹೀಗೇ ಆಡಿಸುತ್ತಿದ್ದೆ.

ಒಂದು ಚಿತ್ರ ತೋರಿಸಿದಳು. ನೊಣದ ಕಣ್ಣಿನ ಸುತ್ತಲ ಕೂದಲು ಎಣಿಸುವಂತಿತ್ತು, ರೆಕ್ಕೆಯೆಲ್ಲ ಮಂಜು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. "ನೋಡ್ಕೊಂಡಿರು ಅಜ್ಜಿ, ಏನೂ ಮುಟ್ಬೇಡ," ಎಂದು ಮನೆಗೆ ಓಡಿದಳು.

ಹೂವಿನ ತುಂಬ ಇಬ್ಬನಿ ಇತ್ತು. ಮುದ್ದೆ ಪಾತ್ರೆಯ ಮುಚ್ಚಳ ತೆಗೆದರೆ ನನ್ನ ಕನ್ನಡಕವೂ ಮಂಜಾಗುತ್ತದಲ್ಲ, ಚಿತ್ರದಲ್ಲಿ ರೆಕ್ಕೆ ಮಸುಕಾದದ್ದೂ ಈ ಇಬ್ಬನಿಯಿಂದಲೇ ಅಂದುಕೊಂಡೆ. ಪಾಪ, ಮಗು ಗಮನಿಸಿಲ್ಲ ಎಂದು ಸೆರಗಿನ ತುದಿಯಿಂದ ಎಸಳುಗಳನ್ನು ಮೆಲ್ಲಗೆ ಒರೆಸಿದೆ. ನೊಣ ಒಂದು ಕಾಲು ಎತ್ತಿತು, ಇನ್ನೊಂದು ಎತ್ತಿತು, ಹಾರಿಹೋಯಿತು.

"ಎಲ್ಲೋಯ್ತು ಅಜ್ಜಿ?" ಎಂದಳು, ಓಡಿ ಬಂದವಳು.

"ಗಾಳಿ ಬಂತು ಕಣವ್ವಾ. ಹೂವು ಅಲ್ಲಾಡ್ತು."

ಒದ್ದೆ ಸೆರಗನ್ನು ಬೆನ್ನ ಹಿಂದೆ ಮುದುರಿಕೊಂಡೆ. ಅವಳು ಖಾಲಿ ಹೂವನ್ನು ನೋಡುತ್ತ ನಿಂತಳು. "ನಂದೇ ತಪ್ಪು. ಇನ್ನೊಂದು ಬ್ಯಾಟರಿ ಜೇಬಲ್ಲೇ ಇಟ್ಕೋಬೇಕಿತ್ತು. ನೀನೇನ್ ಮಾಡ್ತೀಯ ಬಿಡು," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಬಸ್ಸಿಗೆ ಮೊದಲು, ಆ ಪದರದ ಮಾತನ್ನು ಇನ್ನೊಮ್ಮೆ ಹೇಳು ಎಂದೆ. ಅವಳು ಜಗಲಿಯ ಮೇಲೆ ಅವರೆಕಾಳುಗಳನ್ನು ಒಂದರ ಹಿಂದೊಂದು ಸಾಲಾಗಿಟ್ಟು ಹತ್ತಿರದಿಂದ ಚಿತ್ರ ತೆಗೆದಳು. ಮೂರನೇ ಕಾಳು ಮಾತ್ರ ಸುಲಿದಿಟ್ಟಷ್ಟು ಸ್ಪಷ್ಟ, ಉಳಿದವೆಲ್ಲ ಮಸುಕು. ಆಗ ತಿಳಿಯಿತು, ನೊಣದ ರೆಕ್ಕೆ ಕೆಟ್ಟಿರಲಿಲ್ಲ, ಅದರ ಸರದಿ ಬಂದಿರಲಿಲ್ಲ. ತಿಳಿದ ಮೇಲಾದರೂ ಹೇಳಬಹುದಿತ್ತು. ಡಬ್ಬಿಗೆ ಚಟ್ನಿಪುಡಿ ತುಂಬುತ್ತ ಕೂತೆ.

ಪ್ರದರ್ಶನದಲ್ಲಿ ಅವಳು ಅರ್ಧ ನೊಣವನ್ನೇ ತೂಗುಹಾಕಿದಳಂತೆ. ಕೇಳಿದವರಿಗೆಲ್ಲ ಬ್ಯಾಟರಿ ತನ್ನ ತಪ್ಪು ಎನ್ನುತ್ತಿದ್ದಳಂತೆ. ಅವಳಮ್ಮ ಫೋನಿನಲ್ಲಿ ಹೇಳಿದಾಗ "ಹೂಂ" ಅಂದೆನಷ್ಟೆ.

ದೊಡ್ಡವಳೇ, ಅದು ನಿನ್ನ ತಪ್ಪಲ್ಲ. ಅವತ್ತು ಗಾಳಿ ಬೀಸಲೇ ಇಲ್ಲ. ಸೇವಂತಿಗೆ ಮತ್ತೆ ಮೊಗ್ಗಾಗಿದೆ, ಬಾ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಬದುವಿನ ಮೇಲೇ ನಿಂತಿರುತ್ತೇನೆ.